ವಿದೇಶಿ ಅಂಗಡಿ ಸರಣಿಗಳು ಹೊಸ ದೇಶದಲ್ಲಿ ಎಡವೋದು ಯಾಕೆ? ಒಳಗಿದ್ದು ನೋಡಿದವನ ಪ್ರಶ್ನೆ

ತಕ್ಕಡಿ · ಸೋಮವಾರ ಬೆಳಿಗ್ಗೆ 9:10
ಒಂಬತ್ತು ವರ್ಷ ಒಂದು ವಿದೇಶಿ ಸೂಪರ್‌ಮಾರ್ಕೆಟ್ ಸರಣಿಯಲ್ಲಿ ಶೆಲ್ಫ್ ಜೋಡಿಸುವ ಕೆಲಸ ಮಾಡಿದ್ದೇನೆ. ಹೆಸರು ಬೇಡ. ಆ ಕೆಲಸದಲ್ಲಿ ಒಂದು ನಕ್ಷೆ ಬರುತ್ತೆ, ಪ್ಲಾನೋಗ್ರಾಂ ಅಂತಾರೆ. ಯಾವ ಸಾಮಾನು ಯಾವ ಹಲಗೆಗೆ, ಎಷ್ಟು ಸಾಲು, ಲೇಬಲ್ ಯಾವ ಕಡೆಗೆ, ಎಲ್ಲ ಅದರಲ್ಲೇ ಬರೆದಿರುತ್ತೆ. ನಮಗೆ ಅದು ಬರ್ತಾ ಇದ್ದದ್ದು ಸಮುದ್ರದಾಚೆಯ ಮುಖ್ಯ ಕಚೇರಿಯಿಂದ.

ಬಟ್ಟೆ ಒಗೆಯುವ ಪುಡಿಯ ವಿಭಾಗ. ಕಣ್ಣೆತ್ತರದ ಹಲಗೆಯಲ್ಲಿ ಐದು ಕಿಲೋ ಪ್ಯಾಕು, ನೆಲಕ್ಕೆ ತಾಗಿದ ಹಲಗೆಯಲ್ಲಿ ಅರ್ಧ ಕಿಲೋದ್ದು. ಕಂಪನಿಯ ಸ್ವಂತ ದೇಶದಲ್ಲಿ ಜನ ವಾರಕ್ಕೊಮ್ಮೆ ಕಾರಲ್ಲಿ ಬಂದು ಡಿಕ್ಕಿ ತುಂಬಿಸಿಕೊಂಡು ಹೋಗ್ತಾರೆ. ನಮ್ಮ ಮಳಿಗೆಗೆ ಬರುತ್ತಿದ್ದವರು ನಡೆದು ಬರುವವರು, ಅದೂ ಹೆಚ್ಚುಕಮ್ಮಿ ದಿನಾ. ಒಬ್ಬರು ಹೆಂಗಸು ದೊಡ್ಡ ಪ್ಯಾಕು ಎತ್ತೋರು, ಕೈಯಲ್ಲೇ ತೂಗಿ ನೋಡೋರು, ಬಾಗಿಲ ಕಡೆ ಒಂದು ಸಲ ತಿರುಗಿ, ಮತ್ತೆ ಅಲ್ಲೇ ಇಟ್ಟು ಹೋಗೋರು. ಚಿಕ್ಕದು ಕಾಲ ಬುಡದಲ್ಲೇ ಇತ್ತು, ಅವರ ಕಣ್ಣಿಗೆ ಬೀಳಲಿಲ್ಲ. ಪಾಳಿಯಲ್ಲಿದ್ದ ನಾವು ಮೂರೂ ಜನ ಇದನ್ನ ಎಷ್ಟೋ ಸಲ ನೋಡಿದೆವು. ಒಂದು ದಿನ ನಾನೇ ಬಗ್ಗಿ ಚಿಕ್ಕ ಪ್ಯಾಕು ತೆಗೆದುಕೊಟ್ಟೆ. "ಇದು ಇಲ್ಲೇ ಇತ್ತಾ?" ಅಂದರು. ಎರಡೂ ಹಲಗೆ ಅದಲುಬದಲು ಮಾಡ್ತೀವಿ ಅಂತ ಅರ್ಜಿ ಹಾಕಿದೆವು. ಉತ್ತರ ಬರೋಕೆ ಏಳು ತಿಂಗಳು ಹಿಡಿಯಿತು.

ಆವತ್ತಿನಿಂದ ತಲೆಯಲ್ಲಿ ಇದೊಂದೇ ಪ್ರಶ್ನೆ. ಇಷ್ಟು ದುಡ್ಡು, ಇಷ್ಟು ಸಲಹೆಗಾರರು ಇದ್ದೂ ದೊಡ್ಡ ದೊಡ್ಡ ಸರಣಿಗಳು ಬೇರೆ ದೇಶಕ್ಕೆ ಹೋಗಿ ಸೋತು ಬರೋದು ಹೇಗೆ? ನನಗನ್ನಿಸೋದು, ಸ್ಥಳಕ್ಕೆ ಒಗ್ಗಿಕೊಳ್ಳೋದು ಅಂದರೆ ಕೊನೆಗೂ ಶೆಲ್ಫಿನ ಮುಂದೆ ನಿಂತವರ ಕೈಗೆ ತೀರ್ಮಾನ ಕೊಡೋದು. ನಿಮಗೇನನ್ನಿಸುತ್ತೆ?

ಲೆಕ್ಕದಪುಸ್ತಕ · 9:34
ವಾಲ್‌ಮಾರ್ಟ್ ಜರ್ಮನಿಯಲ್ಲಿ ಮಾಡಿಕೊಂಡದ್ದು ನೀವು ಹೇಳಿದ್ದಕ್ಕೆ ಸರಿಹೊಂದುತ್ತೆ. 1997ರ ಕೊನೆಗೆ ವೆರ್ಟ್‌ಕೌಫ್ ಅನ್ನೋ ಸರಣಿಯ 21 ಮಳಿಗೆ ಕೊಂಡರು, ಮರುವರ್ಷ ಇಂಟರ್‌ಸ್ಪಾರ್‌ನ 74. 2006ರಲ್ಲಿ 85 ಮಳಿಗೆಗಳನ್ನ ಮೆಟ್ರೋ ಕಂಪನಿಗೆ ಮಾರಿ ಗಂಟುಮೂಟೆ ಕಟ್ಟಿದರು. ಹೊರಡುವಾಗ ಆದ ನಷ್ಟ ಸುಮಾರು 100 ಕೋಟಿ ಡಾಲರ್. ಮೊದಲ ಮುಖ್ಯಸ್ಥರು ಅಮೆರಿಕದಿಂದ ಬಂದವರು, ಜರ್ಮನ್ ಗೊತ್ತಿರಲಿಲ್ಲ. ಕಚೇರಿಯ ಮೇಲ್ಮಟ್ಟದಲ್ಲಿ ಇಂಗ್ಲಿಷ್ ನಡೆಯಿತು. ಕೊಂಡ ಅಂಗಡಿಗಳಲ್ಲಿ ವರ್ಷಗಟ್ಟಲೆ ಪಳಗಿದ ಮ್ಯಾನೇಜರ್‌ಗಳು ಇದ್ದರು. ಅವರಿಗೆ ಗೊತ್ತಿದ್ದದ್ದನ್ನ ಯಾರಿಗೆ, ಯಾವ ಭಾಷೆಯಲ್ಲಿ ಹೇಳಬೇಕಿತ್ತು?

ಗಾಳಿಪಟ · 9:41
ಅಲ್ಲಿ ಕ್ಯಾಷಿಯರ್‌ಗಳು ಗಿರಾಕಿಗಳನ್ನ ನೋಡಿ ನಗಬೇಕು ಅಂತ ನಿಯಮ ಮಾಡಿದ್ದರಂತಲ್ಲ! ಸಾಮಾನನ್ನೂ ಅವರೇ ಚೀಲಕ್ಕೆ ತುಂಬೋದು. ಜರ್ಮನ್ನರಿಗೆ ತಾವು ಕೊಂಡದ್ದನ್ನ ಬೇರೆಯವರು ಮುಟ್ಟಿ ತುಂಬೋದೇ ಇಷ್ಟ ಆಗಲಿಲ್ಲ ಅಂತ ಓದಿದ್ದೆ.

ಹೊಳೆದಂಡೆ · 10:02
@ಗಾಳಿಪಟ, ಆ ನಗುವಿನ ಕಥೆ ನಿಜ, ಆದರೆ ಎಲ್ಲರೂ ಅದೊಂದನ್ನೇ ಹೇಳಿ ಹೇಳಿ ಅಸಲಿ ಕಾರಣ ಮರೆತಿದ್ದಾರೆ. ನಗುವಿಗೋಸ್ಕರ ಯಾರೂ 100 ಕೋಟಿ ಡಾಲರ್ ಕಳೆದುಕೊಳ್ಳಲ್ಲ.

ವಾಲ್‌ಮಾರ್ಟ್‌ನ ಬಂಡವಾಳ ಏನು? ಎಲ್ಲರಿಗಿಂತ ಕಡಿಮೆ ಬೆಲೆ. ಜರ್ಮನಿಯಲ್ಲಿ ಆ ಜಾಗದಲ್ಲಿ ಆಲ್ಡಿ ಮತ್ತೆ ಲಿಡ್ಲ್ ಮೊದಲೇ ಬೇರು ಬಿಟ್ಟಿದ್ದವು. ಚಿಕ್ಕ ಅಂಗಡಿ, ಕಡಿಮೆ ಬಗೆಯ ಸಾಮಾನು, ಹೆಚ್ಚಿನವು ಸ್ವಂತ ಬ್ರಾಂಡು, ಕೈಬೆರಳೆಣಿಕೆಯ ನೌಕರರು. ಅವರನ್ನ ಬೆಲೆಯಲ್ಲಿ ಮೀರಿಸೋದು ಕನಸಿನ ಮಾತು. ಅದಕ್ಕೂ ಕೈ ಹಾಕಿದರು, ಹಾಲು ಸಕ್ಕರೆಯಂಥ ದಿನಬಳಕೆಯ ಸಾಮಾನನ್ನ ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರು. 2000ದಲ್ಲಿ ಅಲ್ಲಿನ ಸ್ಪರ್ಧಾ ನಿಯಂತ್ರಣ ಸಂಸ್ಥೆ ನಿಲ್ಲಿಸಿ ಅಂತ ಆದೇಶ ಕೊಟ್ಟಿತು, ಆಲ್ಡಿಯ ಎರಡು ಕಂಪನಿಗಳಲ್ಲಿ ಒಂದಾದ ಆಲ್ಡಿ ನೋರ್ಡ್‌ಗೂ ಲಿಡ್ಲ್‌ಗೂ ಅದೇ ಆದೇಶ. ಇಪ್ಪತ್ನಾಲ್ಕು ಗಂಟೆ ಬಾಗಿಲು ತೆರೆಯೋಣ ಅಂದ್ರೆ ಅಂಗಡಿ ಮುಚ್ಚುವ ವೇಳೆಯ ಕಾನೂನು ಅಡ್ಡ, ಭಾನುವಾರ ಪೂರ್ತಿ ಬಂದ್. ಸಂಸ್ಕೃತಿ ಸಂಸ್ಕೃತಿ ಅಂತೀವಿ, ಕಾನೂನು ಪುಸ್ತಕ ಓದಿದ್ದರೂ ಅರ್ಧ ಗೊತ್ತಾಗ್ತಿತ್ತು.

ನೀಲಿಶಾಯಿ · 10:15
ಕೆಲಸಗಾರರ ವಿಷಯವನ್ನೂ ಸೇರಿಸಿ. ನೌಕರರು ಪರಸ್ಪರ ಪ್ರೀತಿ ಪ್ರೇಮ ಇಟ್ಟುಕೊಳ್ಳಬಾರದು, ಸಹೋದ್ಯೋಗಿ ತಪ್ಪು ಮಾಡಿದರೆ ಫೋನ್ ಮಾಡಿ ತಿಳಿಸಬೇಕು ಅನ್ನೋ ನೀತಿಸಂಹಿತೆಯನ್ನ ಅಮೆರಿಕದಿಂದ ಹಾಗೇ ತಂದು ಹಂಚಿದ್ದರು. ಜರ್ಮನಿಯಲ್ಲಿ ಇಂಥ ನಿಯಮ ತರೋಕೆ ಮೊದಲು ಕಾರ್ಮಿಕರ ಮಂಡಳಿಯನ್ನ ಕೇಳಬೇಕು. 2005ರಲ್ಲಿ ವುಪರ್ಟಾಲ್‌ನ ಕಾರ್ಮಿಕ ನ್ಯಾಯಾಲಯ ಅದರ ಹಲವು ಭಾಗಗಳನ್ನ ತಡೆಯಿತು. ಗಿರಾಕಿಗೆ ಒಗ್ಗಿಕೊಳ್ಳೋ ಮಾತು ಆಮೇಲೆ, ಮೊದಲು ನಿಮ್ಮದೇ ಕೌಂಟರಿನಲ್ಲಿ ನಿಂತವರು ನಿಮ್ಮನ್ನ ಒಪ್ಪಬೇಕಲ್ವಾ?

ತಕ್ಕಡಿ · 10:22
ನೀಲಿಶಾಯಿ ಮೇಡಂ, ನೂರಕ್ಕೆ ನೂರು ಸರಿ. ಗಿರಾಕಿ ಏನು ಗೊಣಗಿಕೊಂಡು ಹೋದರು ಅನ್ನೋದು ಮೊದಲು ಬೀಳೋದೇ ಕೌಂಟರಿನಲ್ಲಿದ್ದವರ ಕಿವಿಗೆ.

ಕಡಲಹಕ್ಕಿ · 10:40
ನಾನು ಸ್ವಲ್ಪ ತಕರಾರು ತೆಗೀತೇನೆ ಮಾರಾಯ್ರೆ. ಎಲ್ಲರೂ "ಒಗ್ಗಿಕೊಳ್ಳಬೇಕು, ಒಗ್ಗಿಕೊಳ್ಳಬೇಕು" ಅಂತ ಹೇಳುದು ಯಾಕೆ? ಅಮೆರಿಕದ ಕಾಸ್ಟ್‌ಕೊ ನೋಡಿ. ಸದಸ್ಯತ್ವದ ಶುಲ್ಕ ಕಟ್ಟದೆ ಒಳಗೆ ಬಿಡುದಿಲ್ಲ, ಗೋದಾಮಿನ ಹಾಗಿನ ಕಟ್ಟಡ, ಎಲ್ಲ ದೊಡ್ಡ ದೊಡ್ಡ ಪ್ಯಾಕು, ಒಟ್ಟು ಬಗೆ 4,000ದ ಆಸುಪಾಸು. 1999ರಲ್ಲಿ ಜಪಾನಿಗೆ ಹೋದಾಗಲೂ ಇದೇ ವೇಷ, 2019ರಲ್ಲಿ ಶಾಂಘೈಗೆ ಹೋದಾಗಲೂ ಇದೇ ವೇಷ. ಶಾಂಘೈಯಲ್ಲಿ ಮೊದಲ ದಿನ ಎಂಥಾ ರಶ್ಶು ಅಂದ್ರೆ ಮಧ್ಯಾಹ್ನವೇ ಬಾಗಿಲು ಹಾಕಬೇಕಾಯ್ತು. ಜಪಾನಿನಲ್ಲಿ ಮನೆ ಚಿಕ್ಕದು, ಕಪಾಟು ಚಿಕ್ಕದು, ಆದರೂ ನಡೀತದೆ. ನಾಲ್ಕು ಜನ ಗೆಳತಿಯರು ಒಟ್ಟಿಗೆ ಹೋಗಿ ದೊಡ್ಡ ಪ್ಯಾಕನ್ನು ಪಾಲು ಮಾಡಿಕೊಳ್ತಾರೆ. ಅಲ್ಲಿ ಒಗ್ಗಿಕೊಂಡದ್ದು ಗಿರಾಕಿ, ಅಂಗಡಿ ಅಲ್ಲ!

ಆಲ್ಡಿಯೂ ಅಷ್ಟೇ. 1976ರಲ್ಲಿ ಅಮೆರಿಕಕ್ಕೆ ಹೋದದ್ದು. ಟ್ರಾಲಿ ಬೇಕಾದರೆ ನಾಣ್ಯ ಹಾಕಿ, ಚೀಲ ನೀವೇ ತನ್ನಿ, ನೀವೇ ತುಂಬಿಕೊಳ್ಳಿ. ಅಮೆರಿಕನ್ನರಿಗೆ ಇದೆಲ್ಲ ಆಗ್ಲಿಕ್ಕಿಲ್ಲ ಅಂತ ಯಾರಾದ್ರೂ ಹೇಳಿರಬಹುದು. ಆಯ್ತಲ್ಲ?

ಗಾಳಿಪಟ · 10:47
ಟ್ರಾಲಿಗೆ ನಾಣ್ಯ ಹಾಕೋ ಉಪಾಯ ನನಗೆ ಬಹಳ ಇಷ್ಟ. ಟ್ರಾಲಿ ವಾಪಸ್ ತಂದು ಕೊಂಡಿಗೆ ಸಿಗಿಸಿದರೆ ನಾಣ್ಯ ಹೊರಗೆ ಬರುತ್ತೆ. ಪಾರ್ಕಿಂಗಿನಲ್ಲಿ ಚೆಲ್ಲಾಪಿಲ್ಲಿ ಬಿದ್ದ ಟ್ರಾಲಿ ಎಳೆದು ತರೋಕೆ ಬೇರೆ ಆಳು ಬೇಡ. ಎಲ್ಲ ಕಡೆ ಯಾಕೆ ಮಾಡಲ್ಲ?

ಮಿಂಚುಹುಳ · 10:51
ಎಲ್ಲರ ಜೇಬಲ್ಲೂ ಈಗ ನಾಣ್ಯ ಎಲ್ಲಿರುತ್ತೆ? ಬರೀ ಫೋನು.

ಗಾಳಿಪಟ · 10:53
ಅದಕ್ಕೇ ಪ್ಲಾಸ್ಟಿಕ್ ಬಿಲ್ಲೆ ಇರ್ತವೆ, ಕೀ ಗೊಂಚಲಿಗೆ ಸಿಗಿಸಿಕೊಳ್ಳೋದು.

ತಕ್ಕಡಿ · 11:05
@ಕಡಲಹಕ್ಕಿ ಒಳ್ಳೇ ಮಾತು, ಇದಕ್ಕೆ ಉತ್ತರ ಕೊಡಲೇಬೇಕು. ಕಾಸ್ಟ್‌ಕೊಗೆ ಹೋಗೋರು ಮನೆಯಿಂದಲೇ ತಯಾರಾಗಿ ಹೋಗ್ತಾರೆ. ತಿಂಗಳಿಗೊಂದೋ ಎರಡೋ ಸಲ, ಗಾಡಿ ತಗೊಂಡು, ನೀವೇ ಹೇಳಿದ ಹಾಗೆ ಗೆಳತಿಯರ ಜೊತೆ. ಪ್ಯಾಕು ದೊಡ್ಡದು ಅಂತ ಗೊತ್ತಿದ್ದೇ ಹೋಗೋದು. ನಮ್ಮ ಮಳಿಗೆಯ ಆ ಹೆಂಗಸು ಕೆಲಸ ಮುಗಿಸಿ ಮನೆಗೆ ಹೋಗೋ ದಾರಿಯಲ್ಲಿ ಒಳಗೆ ಬಂದವರು, ಒಂದು ಕೈಯಲ್ಲಿ ಆಗಲೇ ಚೀಲ. ಎರಡು ಬೇರೆ ಬೇರೆ ಓಡಾಟ. ಆದರೆ ಒಂದನ್ನ ಒಪ್ತೀನಿ, ಎಲ್ಲವನ್ನೂ ಬದಲಿಸಬೇಕು ಅನ್ನೋ ಅರ್ಥ ನನ್ನ ಮಾತಿಗೆ ಬಂದಿದ್ದರೆ ಅದು ತಪ್ಪು.

ಮೂಲಿಮನಿ · 11:20
ಸಂಶೋಧನೆ ಮಾಡಿದ್ರ ಎಲ್ಲಾ ಸರಿ ಹೋಗ್ತೈತಿ ಅಂತ ತಿಳ್ಕೊಬ್ಯಾಡ್ರಿ. ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಟೆಸ್ಕೊದವ್ರು ಅಮೆರಿಕಾಕ್ಕ ಹೋಗೂ ಮುಂಚೆ ಏನ್ ಕಡಿಮಿ ಮಾಡಿದ್ರು? ತಮ್ಮ ಮಂದೀನ್ನ ಅಲ್ಲಿನ ಮನಿಯೊಳಗ ವಾರಗಟ್ಟಲೆ ಇರಾಕ ಕಳಿಸಿದ್ರು. ಫ್ರಿಜ್ ತಗದು ಒಳಗ ಏನೈತಿ ನೋಡಿದ್ರು, ಅವರ ಕೂಡ ಅಂಗಡಿಗೆ ಹೋದ್ರು. ಒಂದು ಗೋದಾಮಿನಾಗ ಗುಟ್ಟಾಗಿ ನಕಲಿ ಅಂಗಡಿ ಕಟ್ಟಿ ಪರೀಕ್ಷಾ ಮಾಡಿದ್ರು. ಇಷ್ಟೆಲ್ಲಾ ಮಾಡಿ 2007ರ ನವೆಂಬರಿನಾಗ "ಫ್ರೆಶ್ ಅಂಡ್ ಈಜಿ" ಅಂತ ತಗದ್ರು. ಕ್ಯಾಲಿಫೋರ್ನಿಯಾ, ಅರಿಝೋನಾ, ನೆವಾಡಾ. 2013ರ ಹೊತ್ತಿಗೆ ಕೈ ತೊಳಕೊಂಡ್ರು, 100 ಕೋಟಿ ಪೌಂಡಿಗಿಂತ ಹೆಚ್ಚು ಹೋತು.

ಮನಿ ಮನಿ ತಿರುಗಿದವ್ರಿಗೆ ಇದು ಕಾಣಲಿಲ್ಲೇನ್ರಿ: ಬರೇ ಸೆಲ್ಫ್ ಚೆಕೌಟ್, ಅಂದ್ರ ಗಿರಾಕಿನ ಬಿಲ್ ಮಾಡ್ಕೊಳ್ಳೂ ಯಂತ್ರ, ಇಟ್ರು, ಹಣ್ಣು ಕಾಯಿಪಲ್ಯ ಪ್ಲಾಸ್ಟಿಕ್‌ನಾಗ ಸುತ್ತಿ ಇಟ್ರು. ಅಲ್ಲಿನ ಮಂದಿ ಕೈಯಾಗ ಹಿಡಿದು, ಒತ್ತಿ ನೋಡಿ ಆರಸೂ ಮಂದಿ. ಬ್ರಿಟನ್ನಿನಾಗ ನಡದದ್ದು ಅಲ್ಲಿ ನಡೀಲಿಲ್ಲ.

ಹೊಳೆದಂಡೆ · 11:31
@ಮೂಲಿಮನಿ, ಕಾಲವೂ ಕೈಕೊಟ್ಟಿತು ಸರ್. ಆ ಮೂರು ರಾಜ್ಯಗಳಲ್ಲೇ ಮನೆಗಳ ಬೆಲೆ ಕುಸಿದದ್ದು ಜಾಸ್ತಿ. ಹೊಸ ಬಡಾವಣೆ ಬೆಳೆಯುತ್ತೆ ಅಂತ ಲೆಕ್ಕ ಹಾಕಿ ಅಂಗಡಿ ತೆರೆದ ಮರುವರ್ಷವೇ ಆರ್ಥಿಕ ಕುಸಿತ. ಅದನ್ನ ಫ್ರಿಜ್ ತೆಗೆದು ನೋಡಿ ಕಂಡುಹಿಡಿಯೋಕೆ ಆಗಲ್ಲ.

ಮೂಲಿಮನಿ · 11:35
ಅದೂ ಖರೇನ. ಆದ್ರ ಕೂಪನ್ ಕೊಡಂಗಿಲ್ಲ ಅಂತ ಮೊದಲಿಗೆ ಹಟಾ ಹಿಡಿದದ್ದು ಕಾಲದ ತಪ್ಪಲ್ಲ. ಕೂಪನ್ ಕತ್ತರಿಸಿ ಇಟ್ಕೊಂಡು ಅಂಗಡಿಗೆ ಹೋಗೂ ದೇಶ ಅದು.

ಕೋಡ್‌ಬರಹ · 12:10
ಯಾರೂ ಹೇಳದ ಒಂದು ವಿಷಯ: ಡೇಟಾ. ನಾನು ರಿಟೇಲ್ ಸಾಫ್ಟ್‌ವೇರ್‌ನಲ್ಲಿ ಇದ್ದೇನೆ, ಅದಕ್ಕೇ ಟಾರ್ಗೆಟ್ ಕೆನಡಾದ ಕಥೆ ನನ್ನನ್ನ ಬಿಟ್ಟು ಹೋಗಲ್ಲ.

ಅಮೆರಿಕದ ಟಾರ್ಗೆಟ್ 2011ರಲ್ಲಿ ಕೆನಡಾದ ಝೆಲ್ಲರ್ಸ್ ಸರಣಿಯ ಬಾಡಿಗೆ ಒಪ್ಪಂದಗಳನ್ನ 182.5 ಕೋಟಿ ಕೆನಡಾ ಡಾಲರಿಗೆ ಕೊಂಡಿತು. 2013ರ ಮಾರ್ಚಿನಲ್ಲಿ ಮೊದಲ ಮಳಿಗೆ, ಆ ವರ್ಷ ಮುಗಿಯೋದರೊಳಗೆ 124. ಒಂದು ವರ್ಷದಲ್ಲಿ! ಬಾಡಿಗೆ ಓಡ್ತಾ ಇದೆ, ಹಾಗಾಗಿ ಎಲ್ಲವನ್ನೂ ಬೇಗ ತೆರೆಯಬೇಕು. ಅಮೆರಿಕದಲ್ಲಿ ಬಳಸುತ್ತಿದ್ದ ಹಳೆಯ ವ್ಯವಸ್ಥೆಗೆ ಬೇರೆ ದೇಶದ ಕರೆನ್ಸಿ, ಫ್ರೆಂಚ್ ಅಕ್ಷರ ಗೊತ್ತಿರಲಿಲ್ಲ. ಹಾಗಾಗಿ ಹೊಸ ವ್ಯವಸ್ಥೆ ಹಾಕಿದರು. ಹತ್ತಾರು ಸಾವಿರ ಸಾಮಾನಿನ ಉದ್ದ ಅಗಲ ತೂಕವನ್ನ ಜನ ಕೂತು ಕೈಯಲ್ಲಿ ಟೈಪ್ ಮಾಡಿದರು. ಸೆಂಟಿಮೀಟರ್ ಇರಬೇಕಾದಲ್ಲಿ ಇಂಚು, ಉದ್ದದ ಜಾಗದಲ್ಲಿ ಅಗಲ, ಒಂದರ ಕೋಡ್ ಇನ್ನೊಂದಕ್ಕೆ.

ಇದರ ಫಲ ನೋಡಿ. ಪೆಟ್ಟಿಗೆಯ ಅಳತೆ ತಪ್ಪಿದ್ದರೆ ಲಾರಿಯಲ್ಲಿ ಎಷ್ಟು ಹಿಡಿಯುತ್ತೆ ಅನ್ನೋ ಲೆಕ್ಕ ತಪ್ಪುತ್ತೆ. ಹಲಗೆಯಲ್ಲಿ ಎಷ್ಟು ನಿಲ್ಲುತ್ತೆ ಅನ್ನೋದೂ ತಪ್ಪುತ್ತೆ. ಗೋದಾಮು ಬಾಗಿಲ ತನಕ ತುಂಬಿ ತುಳುಕುತ್ತಿತ್ತು, ಮಳಿಗೆಯ ಹಲಗೆ ಖಾಲಿ. ಗಿರಾಕಿ ಬರ್ತಾರೆ, ಖಾಲಿ ಹಲಗೆ ನೋಡ್ತಾರೆ, ಹೋಗ್ತಾರೆ. 2015ರ ಜನವರಿಯಲ್ಲಿ 133 ಮಳಿಗೆಗಳನ್ನೂ ಮುಚ್ತೀವಿ ಅಂತ ಘೋಷಣೆ. ಸುಮಾರು 17,600 ಜನರ ಕೆಲಸ ಹೋಯಿತು.

ನನ್ನ ಕೆಲಸದಲ್ಲೂ ಇದರ ಚಿಕ್ಕ ರೂಪ ನೋಡಿದ್ದೇನೆ. ಒಂದು ಡಜನ್ ಬಾಟಲಿಯ ಪೆಟ್ಟಿಗೆಯನ್ನ ಯಾರೋ "1" ಅಂತ ನಮೂದಿಸಿದ್ದರು. ಮಳಿಗೆಯವರು 24 ಬಾಟಲಿ ಬೇಕು ಅಂದರು, ವ್ಯವಸ್ಥೆ 24 ಪೆಟ್ಟಿಗೆ ಕಳಿಸಿತು. ಆ ಮಳಿಗೆಯ ಹುಡುಗ ರಾತ್ರಿ ಫೋನ್ ಮಾಡಿ "ಸರ್, ಕಾಲಿಡೋಕೆ ಜಾಗ ಇಲ್ಲ, ಮೆಟ್ಟಿಲ ಮೇಲೂ ಪೆಟ್ಟಿಗೆ" ಅಂದದ್ದು ಇನ್ನೂ ಕಿವಿಯಲ್ಲಿದೆ.

ಲೆಕ್ಕದಪುಸ್ತಕ · 12:24
ಟಾರ್ಗೆಟ್ ವಿಷಯದಲ್ಲಿ ಇನ್ನೊಂದು ಪೆಟ್ಟು ಬೆಲೆಯದ್ದು. ಕೆನಡಾದ ಜನ ಗಡಿ ದಾಟಿ ಅಮೆರಿಕದ ಟಾರ್ಗೆಟ್‌ಗೆ ಹೋಗಿ ಬಂದವರು, ಅಲ್ಲಿನ ಬೆಲೆ ಬಾಯಿಪಾಠ. ಅದೇ ಕೆಂಪು ಗುರುತಿನ ಅಂಗಡಿ ತಮ್ಮ ಊರಲ್ಲಿ ತೆರೆದಾಗ ಬೆಲೆ ಜಾಸ್ತಿ, ಸಾಮಾನೂ ಇಲ್ಲ. ಪರಿಚಯ ಇದ್ದದ್ದೇ ಮುಳುವಾಯಿತು.

ಪಕ್ಕದ ದೇಶ, ಅದೇ ಭಾಷೆ, ಅದೇ ಟಿವಿ ಕಾರ್ಯಕ್ರಮ ಅಂದಾಗ ಕಲಿಯೋಕೆ ಏನೂ ಇಲ್ಲ ಅನ್ನಿಸಿಬಿಡುತ್ತೆ. ಟಾರ್ಗೆಟ್‌ಗೂ ಮೊದಲೇ, 1996ರಲ್ಲಿ, ಇದರ ತಿರುವುಮುರುವನ್ನ ಇಬ್ಬರು ಸಂಶೋಧಕರು ಬರೆದಿದ್ದರು. ಅಮೆರಿಕಕ್ಕೆ ಹೋಗಿ ಸೋತ ಕೆನಡಾದ ಅಂಗಡಿ ಕಂಪನಿಗಳ ಅಧ್ಯಯನ ಅದು. ದೂರದ ದೇಶಕ್ಕೆ ಹೋಗೋವಾಗ ಇರೋ ಎಚ್ಚರ ಹತ್ತಿರದ್ದಕ್ಕೆ ಇರಲ್ಲ ಅನ್ನೋದು ಅವರ ಮಾತು.

ಮಿಂಚುಹುಳ · 12:30
ಸ್ವೀಡನ್ನಿನ ಪೀಠೋಪಕರಣದ ಸರಣಿ ಐಕಿಯಾ ಬಗ್ಗೆ ಯಾರೂ ಹೇಳಲೇ ಇಲ್ಲ? ಅಮೆರಿಕದಲ್ಲಿ ಹೂದಾನಿ ಕೊಂಡು ಅದರಲ್ಲಿ ನೀರು ಕುಡೀತಿದ್ದರಂತೆ, ಐಕಿಯಾದ ಲೋಟ ಅವರಿಗೆ ಅಷ್ಟು ಚಿಕ್ಕದು!

ನೀಲಿಶಾಯಿ · 12:44
ಹೌದು, ಐಸ್ ತುಂಬಿ ಕುಡಿಯೋರಿಗೆ ಯುರೋಪಿನ ಲೋಟ ಸಾಲಲಿಲ್ಲ. 1985ರಲ್ಲಿ ಅಮೆರಿಕಕ್ಕೆ ಹೋದಾಗ ಮಂಚದ ಅಳತೆಯೂ ಸೆಂಟಿಮೀಟರಿನಲ್ಲೇ. ಮಂಚ ತಂದವರಿಗೆ ಅದಕ್ಕೆ ಹೊಂದೋ ಹಾಸು ಬೇರೆಲ್ಲೂ ಸಿಗುತ್ತಿರಲಿಲ್ಲ. ಆಮೇಲೆ ತಿದ್ದಿಕೊಂಡರು.

ಐಕಿಯಾದ ದೊಡ್ಡ ಗುಣ ನನ್ನ ಪ್ರಕಾರ ಕಾಯೋದು. ಜಪಾನಿಗೆ 1974ರಲ್ಲಿ ಹೋಗಿ 1986ರಲ್ಲಿ ಹೊರಬಂದರು, ಮತ್ತೆ ಕಾಲಿಟ್ಟದ್ದು 2006ರಲ್ಲಿ. ಚೀನಾದಲ್ಲಿ ಜನ ಪ್ರದರ್ಶನದ ಮಂಚದ ಮೇಲೆ ಮಲಗಿ ನಿದ್ದೆ ಮಾಡ್ತಾರೆ, ಮಕ್ಕಳು ಸೋಫಾದ ಮೇಲೆ, ಅಜ್ಜ ಆರಾಮ ಕುರ್ಚಿಯಲ್ಲಿ. ಎಬ್ಬಿಸಿ ಕಳಿಸೋಕೆ ಅವಸರ ಪಡಲಿಲ್ಲ. ಇವತ್ತು ಮಲಗಿ ಎದ್ದ ಮಂಚ ನಾಳೆ ಕೊಳ್ಳಬಹುದು ಅನ್ನೋ ಲೆಕ್ಕ. ಅಲ್ಲಿನ ಫ್ಲ್ಯಾಟುಗಳಿಗೆ ಬಾಲ್ಕನಿ ಇರುತ್ತೆ ಅಂತ ಪ್ರದರ್ಶನದಲ್ಲಿ ಬಾಲ್ಕನಿಯನ್ನೂ ಕಟ್ಟಿ ತೋರಿಸಿದರು.

ಹೊಳೆದಂಡೆ · 12:58
ಅದೇ ಚೀನಾದಲ್ಲಿ ಮನೆ ರಿಪೇರಿ ಸಾಮಾನು ಮಾರೋ ಅಮೆರಿಕದ ಹೋಮ್ ಡಿಪೋ ಕಥೆ ಇಟ್ಟು ನೋಡಿ. 2006ರಲ್ಲಿ ಹೋಮ್‌ವೇ ಅನ್ನೋ ಸರಣಿಯ 12 ಮಳಿಗೆ ಕೊಂಡರು. ಗರಗಸ, ಡ್ರಿಲ್ಲು, ಬಣ್ಣ ಎಲ್ಲ ತಂದಿಟ್ಟು "ನಿಮ್ಮ ಮನೆ ನೀವೇ ಸರಿಮಾಡಿಕೊಳ್ಳಿ" ಅಂದರು. ಕೆಲಸದವರು ಕಡಿಮೆ ಕೂಲಿಗೆ ಸಿಗೋ ಕಡೆ ಡ್ರಿಲ್ಲು ಕೊಂಡು ಭಾನುವಾರ ಗೋಡೆ ಕೊರೆಯೋಕೆ ಯಾರು ಕೂರ್ತಾರೆ? 2012ರಲ್ಲಿ ಉಳಿದ ಏಳು ದೊಡ್ಡ ಮಳಿಗೆಗಳನ್ನೂ ಮುಚ್ಚಿದರು. ಶೆಲ್ಫಿನ ಮುಂದೆ ನಿಂತವರಿಗೆ ಎಷ್ಟು ಅಧಿಕಾರ ಕೊಟ್ಟರೂ ಇಲ್ಲಿ ಏನೂ ಆಗ್ತಿರಲಿಲ್ಲ, ತಕ್ಕಡಿಯವರೇ. ವ್ಯಾಪಾರದ ಬುಡವೇ ಅಲ್ಲಿಗೆ ಹೊಂದುತ್ತಿರಲಿಲ್ಲ.

ಕಡಲಹಕ್ಕಿ · 1:06
ಇದು ಪಾಯಿಂಟು.

ತಕ್ಕಡಿ · 1:30
@ಹೊಳೆದಂಡೆ, ಊಟ ಮಾಡ್ತಾ ಇದನ್ನೇ ಯೋಚಿಸ್ತಿದ್ದೆ. ಇದು ನನ್ನ ವಾದಕ್ಕೆ ಬಿದ್ದ ಸರಿಯಾದ ಏಟು. ಆದರೂ ಕೇಳ್ತೀನಿ, ಆ ಮಳಿಗೆಗಳಲ್ಲಿ ನಿಂತ ಹುಡುಗರಿಗೆ ಮೊದಲ ತಿಂಗಳಲ್ಲೇ ಗೊತ್ತಾಗಿರಲ್ವಾ? ಬಂದವರು "ಇದನ್ನ ಹಾಕಿಕೊಡೋರು ಯಾರಾದರೂ ಇದ್ದಾರಾ" ಅಂತ ಕೇಳಿರ್ತಾರೆ. ಆ ಪ್ರಶ್ನೆ ಮೇಲಿನವರೆಗೂ ಹೋಗಿದ್ದರೆ ಆರು ವರ್ಷ ಬೇಕಾಗ್ತಿತ್ತಾ?

ಹೊಳೆದಂಡೆ · 1:37
ಹೋಗಿರಬಹುದು, ಕೇಳಿಯೂ ಇರಬಹುದು. ಕೇಳಿದ ಮೇಲೂ ಕಂಪನಿಯನ್ನೇ ಬೇರೆ ಮಾಡೋಕೆ ಆಗಬೇಕಲ್ಲ. ಸಾಮಾನು ಮಾರೋದೊಂದು ಕಸುಬು, ಮನೆಗೆ ಬಂದು ಹಾಕಿಕೊಡೋದೇ ಇನ್ನೊಂದು ಕಸುಬು.

ಸಂಜೆಪಾಳಿ · 2:15
ಎಲ್ಲರೂ ಸೋತವರ ಕಥೆ ಹೇಳ್ತಿದ್ದೀರಿ. ಗೆದ್ದವರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ದಿನಬಳಕೆಯ ಚಿಕ್ಕ ಅಂಗಡಿಗಳ ಸರಣಿ ಸೆವೆನ್ ಇಲೆವೆನ್ ಜಪಾನ್. ಸ್ವಲ್ಪ ಉದ್ದ ಆಗುತ್ತೆ, ಓದಿ.

ಅದು ಹುಟ್ಟಿದ್ದು ಅಮೆರಿಕದ ಡಲ್ಲಾಸ್‌ನಲ್ಲಿ, 1927ರಲ್ಲಿ. ಜಪಾನಿನ ಇಟೋ ಯೊಕಾಡೋ ಕಂಪನಿ 1973ರಲ್ಲಿ ಪರವಾನಗಿ ತಗೊಂಡಿತು. ಮುಂದೆ ನಿಂತು ನಡೆಸಿದವರು ತೋಶಿಫುಮಿ ಸುಝುಕಿ. ಮೊದಲ ಮಳಿಗೆ 1974ರ ಮೇ ತಿಂಗಳಲ್ಲಿ ಟೋಕಿಯೋದ ತೊಯೊಸುವಿನಲ್ಲಿ. ಹೊಸ ಕಟ್ಟಡ ಕಟ್ಟಲಿಲ್ಲ. ಅಲ್ಲಿದ್ದ ಒಂದು ಮದ್ಯದಂಗಡಿಯ ಮಾಲೀಕರೇ ತಮ್ಮ ಅಂಗಡಿಯನ್ನ ಸೆವೆನ್ ಇಲೆವೆನ್ ಮಾಡಿಕೊಂಡರು. ಆ ಬೀದಿಯಲ್ಲಿ ಯಾರು ಯಾವ ಹೊತ್ತಿಗೆ ಬರ್ತಾರೆ ಅಂತ ಅವರಿಗೆ ಮೊದಲೇ ಗೊತ್ತು. ಅಮೆರಿಕದಿಂದ ತಂದದ್ದು ಹೆಸರು, ಫ್ರಾಂಚೈಸಿ ಪದ್ಧತಿ, ಲೆಕ್ಕ ಇಡೋ ರೀತಿ. ಉಳಿದದ್ದು ಅಲ್ಲೇ ಕಟ್ಟಿದ್ದು.

ಅವರ ಪದ್ಧತಿಗೆ ಜಪಾನಿ ಭಾಷೆಯಲ್ಲಿ "ತನ್‌ಪಿನ್ ಕನ್ರಿ" ಅಂತಾರೆ, ಒಂದೊಂದು ಸಾಮಾನನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳೋದು. ನಾಳೆ ಮಳೆ ಬರುತ್ತಾ, ಪಕ್ಕದ ಶಾಲೆಯಲ್ಲಿ ಕ್ರೀಡಾಕೂಟ ಇದೆಯಾ, ಅಂತ ಮಳಿಗೆಯವರೇ ಯೋಚಿಸಿ, ಒಂದು ಊಹೆ ಮಾಡಿ, ಅನ್ನದುಂಡೆ ಎಷ್ಟು ತರಿಸಬೇಕು ಅಂತ ಅವರೇ ಆರ್ಡರ್ ಹಾಕ್ತಾರೆ. ಅರೆಕಾಲಿಕ ಕೆಲಸಕ್ಕೆ ಬಂದ ವಿದ್ಯಾರ್ಥಿನಿ ಕೂಡ ಹಾಕ್ತಾಳೆ. ಸಂಜೆಗೆ ಅವಳ ಊಹೆ ಸರಿಯಾ ತಪ್ಪಾ ಅಂತ ಲೆಕ್ಕ ಎದುರಿಗೆ ಬರುತ್ತೆ. ಪ್ರತಿ ಮಾರಾಟವನ್ನೂ ಕೌಂಟರಿನಲ್ಲೇ ದಾಖಲಿಸೋ ಪಿಒಎಸ್ ಯಂತ್ರವನ್ನ 1982ರಲ್ಲೇ ಮಳಿಗೆಗಳಿಗೆ ತಂದದ್ದು ಇದಕ್ಕೇ. ಊಟದ ಸಾಮಾನು ದಿನಕ್ಕೆ ಹಲವು ಸಲ ಬರುತ್ತೆ, ಯಾಕಂದ್ರೆ ಬೆಳಿಗ್ಗೆ ಬರೋರು ಬೇರೆ, ರಾತ್ರಿ ಬರೋರು ಬೇರೆ. 1987ರಿಂದ ವಿದ್ಯುತ್ ಬಿಲ್ಲು ಕಟ್ಟಿಸಿಕೊಳ್ಳೋಕೆ ಶುರು ಮಾಡಿದರು, 2001ರಲ್ಲಿ ಬ್ಯಾಂಕನ್ನೇ ತೆರೆದರು.

ಇತ್ತ ಅಮೆರಿಕದ ಮೂಲ ಕಂಪನಿ ಸೌತ್‌ಲ್ಯಾಂಡ್ ಸಾಲದಲ್ಲಿ ಮುಳುಗಿ 1990ರಲ್ಲಿ ದಿವಾಳಿ ಅರ್ಜಿ ಹಾಕಿತು. 1991ರಲ್ಲಿ ಅದರ ಬಹುಪಾಲು ಷೇರು ಕೊಂಡು ಉಳಿಸಿದ್ದು ಜಪಾನಿನವರು! ಕಲಿಯೋಕೆ ಬಂದವರು ಕಲಿಸೋರಾದರು.

ತಕ್ಕಡಿ · 2:26
ಸಂಜೆಪಾಳಿಯವರೇ, ಕೈ ಮುಗಿದೆ. ನಾನು ಹೇಳೋಕೆ ಹೊರಟದ್ದು ಇದನ್ನೇ. ಅರೆಕಾಲಿಕ ಹುಡುಗಿ ಆರ್ಡರ್ ಹಾಕೋ ಕಡೆ ಏಳು ತಿಂಗಳ ಅರ್ಜಿ ಅನ್ನೋದೇ ಇರಲ್ಲ.

ಮೂಲಿಮನಿ · 2:40
ಛಲೋ ಬರದೀರಿ. ಆದ್ರ ಒಂದು ಗಮನಿಸ್ರಿ, ಅಲ್ಲಿ ಮಾಲಕರು ಸ್ಥಳೀಯರ, ದುಡ್ಡೂ ಸ್ಥಳೀಯರದ. ಪರವಾನಗಿ ಅಷ್ಟ ಹೊರಗಿಂದು. ಅದನ್ನ "ವಿದೇಶಿ ಸರಣಿ ಒಗ್ಗಿಕೊಂಡ್ತು" ಅನ್ನಾಕ ಬರ್ತೈತೇನು?

ಲೆಕ್ಕದಪುಸ್ತಕ · 2:52
@ಮೂಲಿಮನಿ ಸರಿಯಾದ ಪ್ರಶ್ನೆ. ಹಾಗಾದ್ರೆ ದಕ್ಷಿಣ ಕೊರಿಯಾ ನೋಡೋಣ, ಒಂದೇ ದೇಶ, ಒಂದೇ ಕಾಲ. ವಾಲ್‌ಮಾರ್ಟ್ 1998ರಲ್ಲಿ ತನ್ನ ದುಡ್ಡು, ತನ್ನ ಹೆಸರಲ್ಲಿ ಹೋಯಿತು, ಗೋದಾಮಿನಂಥ ಎತ್ತರದ ಹಲಗೆ. 2006ರಲ್ಲಿ 16 ಮಳಿಗೆಗಳನ್ನ ಅಲ್ಲಿನದೇ ಶಿನ್‌ಸೆಗೆ ಕಂಪನಿಗೆ ಮಾರಿತು. ಫ್ರಾನ್ಸಿನ ಕ್ಯಾರೆಫೋರ್ ಕೂಡ ಅದೇ ವರ್ಷ 32 ಮಳಿಗೆ ಮಾರಿ ಹೊರಟಿತು. ಟೆಸ್ಕೊ 1999ರಲ್ಲಿ ಸ್ಯಾಮ್‌ಸಂಗ್ ಜೊತೆ ಪಾಲುದಾರಿಕೆ ಮಾಡಿಕೊಂಡು, ಹೋಮ್‌ಪ್ಲಸ್ ಅನ್ನೋ ಹೆಸರನ್ನೇ ಉಳಿಸಿಕೊಂಡು, ಆಡಳಿತವನ್ನ ಕೊರಿಯಾದವರ ಕೈಗೆ ಬಿಟ್ಟಿತು. 2011ರಲ್ಲಿ ಸೋಲ್‌ನ ಮೆಟ್ರೋ ನಿಲ್ದಾಣದ ಗೋಡೆಗೆ ಶೆಲ್ಫಿನ ಚಿತ್ರ ಅಂಟಿಸಿ, ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮನೆಗೆ ಸಾಮಾನು ಅನ್ನೋ ಪ್ರಯೋಗ ಮಾಡಿದ್ದು ಇವರೇ.

2015ರಲ್ಲಿ ಟೆಸ್ಕೊ ಅದನ್ನೂ ಮಾರಿತು, ಆದರೆ ಅದು ಬ್ರಿಟನ್ನಿನಲ್ಲಿ ತನಗೇ ಬಂದ ಸಂಕಷ್ಟಕ್ಕೆ ದುಡ್ಡು ಬೇಕಾಗಿ. ಕೊರಿಯಾದಲ್ಲಿ ಕಂಡಷ್ಟು ಬುದ್ಧಿ ಅಮೆರಿಕದಲ್ಲಿ ಅದೇ ಟೆಸ್ಕೊಗೆ ಬರಲಿಲ್ಲ ಅನ್ನೋದನ್ನ ಮಾತ್ರ ನಾನು ಮರೆಯೋಕೆ ಆಗಲ್ಲ. ಒಂದೇ ಕಂಪನಿ!

ನೀಲಿಶಾಯಿ · 3:05
ಅಮೆರಿಕಕ್ಕೆ ಪಾಲುದಾರರಿಲ್ಲದೆ ಹೋದರು, ಹೊಸ ಹೆಸರು ಹುಟ್ಟಿಸಿದರು. ಅಲ್ಲೇ ವ್ಯತ್ಯಾಸ.

ಇನ್ನೊಂದು ಮಾತು ಕೇಳಬೇಕು. ಒಗ್ಗಿಕೊಳ್ಳೋದಕ್ಕೆ ಗಡಿ ಎಲ್ಲಿ? 2012ರಲ್ಲಿ ಐಕಿಯಾ ಸೌದಿ ಅರೇಬಿಯಾದ ಕ್ಯಾಟಲಾಗಿನ ಚಿತ್ರಗಳಿಂದ ಹೆಂಗಸರನ್ನ ಅಳಿಸಿಹಾಕಿತ್ತು. ಉಳಿದ ದೇಶಗಳ ಕ್ಯಾಟಲಾಗಿನಲ್ಲಿ ಅಮ್ಮ ಇದ್ದ ಚಿತ್ರ, ಅಲ್ಲಿ ಅಮ್ಮ ಮಾಯ. ಸುದ್ದಿಯಾದ ಮೇಲೆ ಕಂಪನಿ ತಪ್ಪು ಒಪ್ಪಿಕೊಂಡಿತು. ಸ್ಥಳೀಯ ರುಚಿಗೆ ತಕ್ಕ ಹಾಗೆ ಅನ್ನೋ ಒಂದು ಮಾತು ಎಲ್ಲದಕ್ಕೂ ರಕ್ಷೆ ಆಗಬಾರದು.

ಹೊಳೆದಂಡೆ · 3:18
ಒಪ್ಪಿದೆ. ವಾಲ್‌ಮಾರ್ಟ್ 2019ರಲ್ಲಿ 28.2 ಕೋಟಿ ಡಾಲರ್ ಕಟ್ಟಿ ಅಮೆರಿಕ ಸರ್ಕಾರದ ಜೊತೆ ರಾಜಿ ಮಾಡಿಕೊಂಡದ್ದು ಕೂಡ ಇಂಥದ್ದಕ್ಕೇ. ಮೆಕ್ಸಿಕೋ, ಬ್ರೆಜಿಲ್, ಚೀನಾ, ಭಾರತದ ವ್ಯವಹಾರಗಳಲ್ಲಿ ಲಂಚ ತಡೆಯೋ ನಿಯಮ ಸರಿಯಾಗಿ ಪಾಲಿಸಲಿಲ್ಲ ಅನ್ನೋ ತನಿಖೆ ಅದು. ಮೆಕ್ಸಿಕೋದಲ್ಲಿ ವ್ಯಾಪಾರ ಚೆನ್ನಾಗೇ ಕಲಿತಿದ್ದರು. ಸಿಫ್ರಾ ಅನ್ನೋ ಸ್ಥಳೀಯ ಕಂಪನಿಯ ಜೊತೆ 1991ರಲ್ಲಿ ಶುರು ಮಾಡಿ, ಬೊಡೇಗಾ ಔರೆರಾ ಹೆಸರನ್ನ ಹಾಗೇ ಇಟ್ಟು ಬೆಳೆಸಿದರು. ಗೆದ್ದ ದೇಶದಲ್ಲೇ ಈ ಕಲೆಯೂ ಅಂಟಿತು.

ಕಡಲಹಕ್ಕಿ · 3:30
ಹಾಗಾದ್ರೆ ಲೆಕ್ಕ ಹೀಗೆ ಅಂತ ಕಾಣ್ತದೆ. ಕಾಸ್ಟ್‌ಕೊಗೆ ತನ್ನ ಯಾವ ಗುಣಕ್ಕೆ ಜನ ಬರ್ತಾರೆ ಅಂತ ಗೊತ್ತುಂಟು, ಅದನ್ನು ಮುಟ್ಟಲಿಲ್ಲ. ವಾಲ್‌ಮಾರ್ಟ್‌ಗೆ ಜರ್ಮನಿಯಲ್ಲಿ ಆ ಗುಣವೇ ಉಪಯೋಗಕ್ಕೆ ಬರಲಿಲ್ಲ, ಯಾಕಂದ್ರೆ ಅಲ್ಲಿ ಮೊದಲೇ ಅಗ್ಗದವರು ಇದ್ದರು. ಲಿಡ್ಲ್ 2017ರಲ್ಲಿ ಅಮೆರಿಕಕ್ಕೆ ಹೋದಾಗ ತಲೆಕೆಳಗು ಮಾಡಿತು ನೋಡಿ. ಅಮೆರಿಕಕ್ಕೆ ದೊಡ್ಡ ಅಂಗಡಿ ಬೇಕು ಅಂತ ತನ್ನ ಮಾಮೂಲಿಗಿಂತ ದೊಡ್ಡದು ಕಟ್ಟಿತು, ಖರ್ಚು ಏರಿತು, ಮತ್ತೆ ಚಿಕ್ಕದಕ್ಕೆ ಬಂತು. ಅತಿಯಾಗಿ ಒಗ್ಗಿಕೊಂಡು ಕೆಟ್ಟದ್ದು ಅದು.

ತಕ್ಕಡಿ · 3:44
ಕಡಲಹಕ್ಕಿಯವರೇ, ಈ ಲಿಡ್ಲ್ ಉದಾಹರಣೆ ಬರೆದಿಟ್ಟುಕೊಂಡೆ. ಬೆಳಿಗ್ಗೆ ಇದ್ದ ಅಭಿಪ್ರಾಯ ಸ್ವಲ್ಪ ತಿದ್ದಿಕೊಂಡಿದ್ದೇನೆ. ಗೋದಾಮಿನಿಂದ ಲಾರಿ ಹೇಗೆ ಬರಬೇಕು, ಲೆಕ್ಕ ಹೇಗಿಡಬೇಕು, ಅಂಗಡಿಯ ಮೂಲ ಗುಣ ಏನು, ಇದನ್ನ ಮುಖ್ಯ ಕಚೇರಿ ಹಿಡಿದುಕೊಳ್ಳಲಿ. ಪ್ಯಾಕಿನ ಗಾತ್ರ, ಹಲಗೆಯ ಎತ್ತರ, ಬಾಗಿಲು ತೆರೆಯೋ ಹೊತ್ತು, ಇದು ಮಳಿಗೆಯವರಿಗೆ ಸೇರಿದ್ದು. ನಮ್ಮಲ್ಲಿ ಆದದ್ದು ಉಲ್ಟಾ. ಲೆಕ್ಕದ ವ್ಯವಸ್ಥೆ ಮಳಿಗೆಗೊಂದು ಥರ, ಹಲಗೆಯ ನಕ್ಷೆ ಮಾತ್ರ ಜಗತ್ತಿಗೆಲ್ಲ ಒಂದೇ.

ಕೋಡ್‌ಬರಹ · 3:58
ಆ ಕೊನೆಯ ಸಾಲಿನಲ್ಲಿ ನನ್ನ ಹತ್ತು ವರ್ಷದ ಕೆಲಸ ಬಂತು.

ಗಾಳಿಪಟ · 4:10
ತಕ್ಕಡಿಯವರೇ, ಏಳು ತಿಂಗಳ ಮೇಲೆ ಉತ್ತರ ಬಂತು ಅಂದ್ರಿ. ಏನಂತ ಬಂತು? ಹಲಗೆ ಬದಲಾಯ್ತಾ?

ತಕ್ಕಡಿ · 4:25
ಒಪ್ಪಿಗೆ ಬಂತು, ನಮ್ಮ ಒಂದು ಮಳಿಗೆಗೆ ಮಾತ್ರ. ಅದೇ ರಾತ್ರಿ ಪಾಳಿಯಲ್ಲಿ ನಾವು ಮೂವರೇ ಕೂತು ಹಲಗೆ ಬಿಚ್ಚಿ ಜೋಡಿಸಿದೆವು. ಅರ್ಧ ಕಿಲೋದ್ದು ಕಣ್ಣೆತ್ತರಕ್ಕೆ, ಐದು ಕಿಲೋದ್ದು ಕೆಳಗೆ. ಮರುದಿನ ಮಧ್ಯಾಹ್ನದೊಳಗೆ ಎರಡು ಸಲ ತುಂಬಿಸಬೇಕಾಯಿತು. ಆ ಹೆಂಗಸು ಬರೋದು ಅಷ್ಟು ಹೊತ್ತಿಗೆ ನಿಂತಿತ್ತು. ಎದುರು ರಸ್ತೆಯ ಚಿಕ್ಕ ಅಂಗಡಿಯಿಂದ ಚೀಲ ಹಿಡಿದು ಹೊರಬರೋದನ್ನ ಒಂದೆರಡು ಸಲ ನೋಡಿದೆ.

ಮೂರು ತಿಂಗಳಿಗೆ ಹೊಸ ನಕ್ಷೆ ಬಂತು. ಕಣ್ಣೆತ್ತರದಲ್ಲಿ ಮತ್ತೆ ಐದು ಕಿಲೋ.

ಮೂಲಿಮನಿ · 4:31
ಮತ್ತ ಅರ್ಜಿ ಹಾಕಿದ್ರೇನು?

ತಕ್ಕಡಿ · 4:33
ಹಾಕಿದೆವು.